ಚುಕ್ಕಿಗಿಂತ ಚಿಕ್ಕದು

ರಾಯಭಾರಿ ಎಂದು ಬರೆದ ಬಿಲ್ಲೆಯೊಂದು ಅಂಚೆಯಲ್ಲಿ ಬಂತು.
ರಾಯ ಯಾರೋ, ಅವಳು ಕಂಡಿಲ್ಲ. ಸಂಬಳವಿಲ್ಲ.
ಭಾರವಂತೂ ಉಂಟು:
ಬೆನ್ನಿಗೆ ಪ್ರೊಜೆಕ್ಟರು, ಕಂಕುಳಲ್ಲಿ ಸುತ್ತಿದ ನಕ್ಷೆ,
ಸೈಕಲ್ಲಿನ ಬುಟ್ಟಿಯಲ್ಲಿ ಚಹದ ಫ್ಲಾಸ್ಕು.

ಹಗಲೆಲ್ಲ ಔಷಧಿ ಅಂಗಡಿಯಲ್ಲಿ
ಕೆಮ್ಮಿಗೆ ಸಿರಪ್ಪು, ಮಂಡಿಗೆ ಮುಲಾಮು ಕೊಟ್ಟು
ಸಂಜೆಗೆ ಸ್ಕಿರ್ಮಾಂತೆ ಪೈನ್ ಕಾಡಿನ ದಾರಿ ತುಳಿಯುತ್ತಾಳೆ.
ಒಂದು ಬದಿ ಬಾಲ್ಟಿಕ್ ಕಡಲು, ಇನ್ನೊಂದು ಬದಿ ಹಿನ್ನೀರು,
ಲಿಥುವೇನಿಯಾ ಎಂಬ ನೆಲ ಇಲ್ಲಿ
ಎರಡು ಕೂಗಳತೆಯ ಮರಳು.

ಪ್ರೇಯ್ಲಾದಲ್ಲಿ, ಬಲೆ ಒಣಗಿಸುವ ಹಳೆಯ ಕೊಟ್ಟಿಗೆ.
ಬಂದವರು ಐವರು. ಅವರಲ್ಲೊಬ್ಬ
ಕಾಲುಚೀಲ ಒಣಗಿಸಿಕೊಳ್ಳಲು ಒಲೆ ಹುಡುಕಿ ಬಂದವನು.

ಬಿಳಿ ಹೊದಿಕೆಯ ಮೇಲೆ, ಏಳುನೂರು ಚಿಲ್ಲರೆ ಕಿಲೋಮೀಟರ್ ಎತ್ತರದಿಂದ
ಅವರ ಹಿನ್ನೀರೇ ಇಳಿದು ಬಂತು:
ಆಗಸ್ಟಿನ ಹಸಿರು, ಯಾರೋ ಕುಂಚ ಅದ್ದಿ ತೊಳೆದ ಹಾಗೆ
ಸುಳಿ, ಸುಳಿಯೊಳಗೆ ಸುಳಿ.
ಚಂದವೇ. ಹೇಳಬಾರದು, ಆದರೂ ಚಂದವೇ.
"ಇದು ನಂಜಿನ ಪಾಚಿ," ಎಂದಳು.
"ನಾಯಿ ಕುಡಿದರೆ ಉಳಿಯುವುದು ಕಷ್ಟ, ಮಕ್ಕಳಿಗೆ ಮೈಯೆಲ್ಲ ದದ್ದು.
ಎಲ್ಲಿದೆ, ಎತ್ತ ಸರಿಯುತ್ತಿದೆ, ಉಪಗ್ರಹ ಹೇಳುತ್ತದೆ.
ಪುಕ್ಕಟೆ. ಯಾರು ಬೇಕಾದರೂ ನೋಡಬಹುದು."

ಹಿಂದಿನ ಬೆಂಚಿನಲ್ಲಿ ಮಿಕೆಲಿಸ್ ಬಾಯಿಂದ ಪೈಪು ತೆಗೆದ:
"ನನ್ನ ದೋಣಿ ಕಾಣುತ್ತದೆಯೇ?"
ಇಲ್ಲ. ಹತ್ತು ಮೀಟರಿಗೆ ಹತ್ತು ಮೀಟರು ಸೇರಿ ಒಂದು ಚುಕ್ಕಿ.
ನಿಮ್ಮ ದೋಣಿ ಚುಕ್ಕಿಗಿಂತ ಚಿಕ್ಕದು.
"ಹಾಗಾದರೆ ಅಲ್ಲಿಂದ ನೋಡಿದರೆ ನಾನಿಲ್ಲ."
ಇದ್ದೀರಿ. ನೀರಿನ ಬಣ್ಣದಲ್ಲಿ ಬೆರೆತಿದ್ದೀರಿ.
"ಸತ್ತವರ ಬಗ್ಗೆ ಪಾದ್ರಿಯೂ ಹೀಗೆಯೇ ಹೇಳುತ್ತಾನೆ."
ಕಾಲುಚೀಲದವನು ನಕ್ಕು ನಕ್ಕು ಕೆಮ್ಮಿದ.
ವಾಪಸು ತುಳಿಯುವಾಗ ಅವಳಿಗೆ ಒಂದೊಂದಾಗಿ
ಹೊಳೆಯುತ್ತ ಹೋದವು, ತಡವಾಗಿ ಬಂದ ಉತ್ತರಗಳು.

ಮರುವಾರ ನಾಲ್ಕು ದಿನ ಮೋಡ.
ಅಷ್ಟೆತ್ತರದ ಕಣ್ಣಿಗೆ ಹತ್ತಿಯ ಪಟ್ಟಿ.
ಬೆಳಗಾದರೆ ಅವಳ ಪರದೆಯಲ್ಲಿ ಬಿಳಿ, ಬರೀ ಬಿಳಿ.
ಪ್ರೇಯ್ಲಾದ ದಡದಲ್ಲಿ ಮಕ್ಕಳ ಶಿಬಿರ ಆಗತಾನೆ ಡೇರೆ ಹೊಡೆದಿತ್ತು.
ಐದನೆಯ ದಿನ, ಬೆಳಕು ಹರಿಯುವ ಮುಂಚೆ, ಫೋನು:
"ಏನಮ್ಮ, ನಿನ್ನ ರಾಯ ನಿದ್ದೆಯಲ್ಲಿದ್ದಾನೋ?
ಹಸಿರು ದೋಣಿಗಟ್ಟೆಗೇ ಬಂದಿದೆ. ನಾಯಿ ಮೂಸಿ ಹಿಂದೆ ಸರಿಯಿತು.
ಹುಟ್ಟು ಎತ್ತಿದರೆ ಬಣ್ಣದ ಡಬ್ಬಿಯಿಂದ ಎತ್ತಿದ ಹಾಗಿದೆ.
ಬರೆದುಕೋ. ಗಾಳಿ ಆಗ್ನೇಯ. ಗಂಟೆ ನಾಲ್ಕೂವರೆ."

ಬರೆದುಕೊಂಡಳು, ಔಷಧಿ ಚೀಟಿಯ ಬೆನ್ನಿಗೆ.
ಉಪ್ಪಿನಕಾಯಿ ಜಾಡಿ ತೊಳೆದು ನೀರು ತುಂಬಿ
ಮೊದಲ ಬಸ್ಸಿನವನ ಕೈಗೆ ಕೊಟ್ಟಳು, ಪ್ರಯೋಗಾಲಯಕ್ಕೆ.
ದಡಕ್ಕೆ ಹಗ್ಗ ಕಟ್ಟಿದರು. ಈಜುಡುಗೆ ತೊಟ್ಟ ಮಕ್ಕಳು
ಮರಳಲ್ಲಿ ಕೂತು ಅವಳನ್ನು ಮನಸಾರೆ ಶಪಿಸಿದರು.

ಮೋಡ ಹರಿದ ಮೇಲೆ ಚಿತ್ರ ಬಂತು:
ಹಸಿರು ನಾಲಗೆ, ಅವನು ಹೇಳಿದ ಕಟ್ಟೆಗೇ ಚಾಚಿ.
ಮುದ್ರಿಸಿ ಒಯ್ದಳು.
ಮಿಕೆಲಿಸ್ ಕನ್ನಡಕ ತಡಕಾಡಿದ, ಸಿಗಲಿಲ್ಲ,
ಕಾಗದ ಮೂಗಿನ ಹತ್ತಿರ ಹಿಡಿದು ಪೆನ್ಸಿಲ್ಲಿನ ಮೊನೆಯಿಂದ
ಒಂದು ಚುಕ್ಕಿ ಇಟ್ಟ. "ಇಲ್ಲಿ ನಿಂತಿದ್ದೆ."
ಗೋಡೆಯಲ್ಲಿ ಅವನ ತಾತನ ಕಾಲದ ಮರದ ಬಾವುಟವಿತ್ತು,
ಕಡೆದ ಮನೆ, ಕಡೆದ ಕುದುರೆ,
ಯಾವ ಊರಿನ ದೋಣಿ ಎಂದು
ದೂರದ ದುರ್ಬೀನಿಗೆ ಹೇಳುತ್ತಿದ್ದುದು.
ಅದರ ಪಕ್ಕದಲ್ಲೇ ಮೊಳೆ ಹೊಡೆದ.

ಈಗ ನಿದಾದಲ್ಲಾಗಲಿ, ಪೆರ್ವಲ್ಕಾದಲ್ಲಾಗಲಿ,
ಸಭೆಯೆಂದರೆ ಸಾಕು, ಬಂದು ಹಿಂದಿನ ಬೆಂಚು ಹಿಡಿಯುತ್ತಾನೆ.
ಏನೂ ಅರಿಯದವನ ಹಾಗೆ ಪೈಪು ತೆಗೆದು ಕೇಳುತ್ತಾನೆ:
"ನನ್ನ ದೋಣಿ ಕಾಣುತ್ತದೆಯೇ?"
ಜನ ತಿರುಗಿ ನೋಡುತ್ತಾರೆ.
ಅವಳು ಇಲ್ಲ ಎನ್ನುವ ಮೊದಲು
ಸ್ವಲ್ಪ ಹೊತ್ತು ಚಹ ಬಗ್ಗಿಸುತ್ತಾಳೆ.